ಮೆಮೊರಿ ಬಿಗಿಯಾದಾಗ ಸ್ಟೋರೇಜ್ ಡೀಮನ್ ಸ್ತಬ್ಧವಾಗದಂತೆ ನೋಡಿಕೊಳ್ಳುವುದು ಹೇಗೆ? ಲಿನಕ್ಸ್‌ನಲ್ಲಿ ಐಒ ಫ್ಲಶರ್ ಹಾಕುವ ಕ್ರಮ

ಸ್ವಂತ ಫ್ಯೂಸ್ ಫೈಲ್‌ಸಿಸ್ಟಂ (ಕರ್ನಲ್‌ನ ಹೊರಗೆ ಮಾಮೂಲಿ ಪ್ರೋಗ್ರಾಂ ಆಗಿ ಓಡುವ ಫೈಲ್‌ಸಿಸ್ಟಂ) ಬರೆದವರು, ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ ಎನ್‌ಬಿಡಿ ಸರ್ವರ್ ನಡೆಸುವವರು, ಅಂಥದ್ದೇ ಕೆಲಸದ ಐಸ್ಕಸಿ ಟಾರ್ಗೆಟ್‌ನ ಹಿಂಬದಿ ಕೋಡ್ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮಾಮೂಲಿ ದಿನಗಳಲ್ಲಿ ಎಲ್ಲ ಚೆನ್ನಾಗಿ ಓಡುತ್ತದೆ. ಮೆಮೊರಿ ಬಿಗಿಯಾದ ತಕ್ಷಣ ಮೌಂಟ್ ಸ್ತಬ್ಧ. ಸಿಪಿಯು ಖಾಲಿ, ಡಿಸ್ಕ್ ಖಾಲಿ, ಆದರೂ ಏನೂ ನಡೆಯುವುದಿಲ್ಲ. ಕಿಲ್ -9 ಕೊಟ್ಟರೂ ಪ್ರೊಸೆಸ್ ಸಾಯುವುದಿಲ್ಲ. ಯಾಕೆ?"

ಬಹುಪಾಲು ಸಲ ಕಾರಣ ಒಂದೇ. ನಿಮ್ಮ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಆ ಪ್ರೋಗ್ರಾಂ, ತನ್ನ ಕೆಲಸ ಮುಗಿಯಲಿ ಎಂದು ತಾನೇ ಕಾಯುತ್ತಾ ಕೂತಿದೆ. ಇದನ್ನು ತಪ್ಪಿಸಲು ಲಿನಕ್ಸ್ 5.6ರಿಂದ ಐಒ ಫ್ಲಶರ್ ಎಂಬ ಒಂದು ಸರಿಯಾದ ದಾರಿ ಇದೆ (ಐಒ ಎಂದರೆ ಡಿಸ್ಕ್‌ನಂಥವಕ್ಕೆ ಬರೆಯುವುದು, ಓದುವುದು). ಆದರೆ ಅದನ್ನು ಒಂದು ಸಾಲು ಸೇರಿಸಿ ಮರೆತುಬಿಟ್ಟರೆ ಪ್ರಯೋಜನ ಕಮ್ಮಿ. ಎಲ್ಲಿ ಸೇರಿಸಬೇಕು, ಜೊತೆಗೆ ಇನ್ನೇನು ಮಾಡಬೇಕು ಎನ್ನುವುದರಲ್ಲೇ ಜನ ಎಡವುತ್ತಾರೆ.

ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಪಿಆರ್_, ಕ್ಯಾಪ್_, ಎಂ_, ಎಂಸಿಎಲ್_, ಮಾಲಕ್_ ಎಂದು ಶುರುವಾಗುವ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರ ಬಳಸಿ.

ಗಂಟು ಎಲ್ಲಿ ಬೀಳುತ್ತದೆ

ಯಾವುದೋ ಪ್ರೋಗ್ರಾಂ ಫೈಲ್‌ಗೆ ಬರೆದಾಗ ಅದು ನೇರ ಡಿಸ್ಕ್‌ಗೆ ಹೋಗುವುದಿಲ್ಲ. ಕರ್ನಲ್ ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು "ಆಮೇಲೆ ಬರೆಯುತ್ತೇನೆ" ಎನ್ನುತ್ತದೆ. ಹೀಗೆ ಬರೆಯಲು ಬಾಕಿ ಇರುವ ಪುಟಗಳಿಗೆ ಡರ್ಟಿ ಪೇಜ್ ಎನ್ನುತ್ತಾರೆ. ಅವನ್ನು ಡಿಸ್ಕ್‌ಗೆ ಇಳಿಸುವ ಕೆಲಸಕ್ಕೆ ರೈಟ್‌ಬ್ಯಾಕ್ ಎಂದು ಹೆಸರು.

ಆ ಡಿಸ್ಕ್ ನಿಜವಾದ ಡಿಸ್ಕ್ ಆಗಿರದೆ ನಿಮ್ಮ ಡೀಮನ್ ಒದಗಿಸುತ್ತಿರುವ ಡಿಸ್ಕ್ ಆಗಿದ್ದರೆ? ಕರ್ನಲ್ ಬಂದು "ಈ ಪುಟ ಬರೆದುಕೊಡು" ಎಂದು ಡೀಮನ್‌ಗೆ ಹೇಳುತ್ತದೆ. ಡೀಮನ್ ಆ ಕೆಲಸಕ್ಕೆ ಸ್ವಲ್ಪ ಮೆಮೊರಿ ಕೇಳುತ್ತದೆ. ಒಂದು ಮಾಲಕ್ (ಪ್ರೋಗ್ರಾಂ ಮೆಮೊರಿ ಕೇಳುವ ಕರೆ) ಇರಬಹುದು, ನೆಟ್‌ವರ್ಕ್‌ಗೆ ಕಳಿಸುವಾಗ ಕರ್ನಲ್ ಒಳಗೆ ಆಗುವ ಅಲೊಕೇಶನ್ ಇರಬಹುದು. ಖಾಲಿ ಮೆಮೊರಿ ಇಲ್ಲ. ಆಗ ಕರ್ನಲ್ ಕೇಳಿದವನ ಕೈಯಲ್ಲೇ ಜಾಗ ಖಾಲಿ ಮಾಡಿಸುತ್ತದೆ. ಇದು ಡೈರೆಕ್ಟ್ ರೀಕ್ಲೇಮ್. ಈ ಹಂತದಲ್ಲಿ ಅದು ಪುಟಗಳನ್ನು ಸ್ವಾಪ್‌ಗೆ, ಅಂದರೆ ಮೆಮೊರಿ ಬದಲಿಗೆ ಬಳಸುವ ಡಿಸ್ಕ್ ಜಾಗಕ್ಕೆ, ತಳ್ಳಬಹುದು, ಫೈಲ್‌ಸಿಸ್ಟಂ ಕೋಡ್‌ಗೆ ಹೋಗಿ ಇನೋಡ್ (ಫೈಲ್‌ನ ವಿವರಗಳ ದಾಖಲೆ) ಬಿಡಿಸಬಹುದು, ಅಥವಾ ನಡೆಯುತ್ತಿರುವ ರೈಟ್‌ಬ್ಯಾಕ್ ಮುಗಿಯಲಿ ಎಂದು ಕಾಯಬಹುದು. ಆ ರೈಟ್‌ಬ್ಯಾಕ್ ಯಾರ ಡಿಸ್ಕಿನದು? ನಿಮ್ಮ ಡೀಮನ್‌ನದೇ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಮೆಮೊರಿ ಸಿಗದೆ ಬರೆಯಲಾಗದು, ಬರೆಯದೆ ಮೆಮೊರಿ ಸಿಗದು.

ಕರ್ನಲ್ ಒಳಗಿನ ಡ್ರೈವರ್‌ಗಳಿಗೆ ಈ ತೊಂದರೆ ಹಳೆಯದು. ಅವು ಮೆಮೊರಿ ಕೇಳುವಾಗ "ಇದಕ್ಕಾಗಿ ಐಒ ಶುರು ಮಾಡಬೇಡ" ಎಂಬ ಗುರುತನ್ನು ಜೊತೆಗೇ ಕೊಡುತ್ತವೆ. ಕರ್ನಲ್‌ನ ಹೊರಗಿರುವ, ಅಂದರೆ ಯೂಸರ್‌ಸ್ಪೇಸ್‌ನಲ್ಲಿರುವ ಡೀಮನ್‌ಗೆ ಆ ಸೌಲಭ್ಯ ಇರಲಿಲ್ಲ. 2020ರಲ್ಲಿ ಬಂದ 5.6 ಕರ್ನಲ್‌ನಲ್ಲಿ ಮೈಕ್ ಕ್ರಿಸ್ಟಿ ಅವರ ಪ್ಯಾಚ್ ಮೂಲಕ ಅದು ಸೇರಿತು. ಅದರ ಹೆಸರು ಪಿಆರ್_ಸೆಟ್_ಐಒ_ಫ್ಲಶರ್.

ಏನೇನು ಬೇಕು

ಕರ್ನಲ್ 5.6 ಅಥವಾ ಮೇಲಿನದು. ಡೆಬಿಯನ್ 11 ಮತ್ತು ಉಬುಂಟು 22.04ರ ಕರ್ನಲ್‌ಗಳಲ್ಲಿ ಇದು ಇದೆ. ಉಬುಂಟು 20.04ರ ಮೂಲ ಕರ್ನಲ್ 5.4, ಹಾಗಾಗಿ ಅಲ್ಲಿ ಇಲ್ಲ. ಎಂಟರ್‌ಪ್ರೈಸ್ ಡಿಸ್ಟ್ರೋಗಳು ಹೊಸ ಕೋಡನ್ನು ಹಳೆ ನಂಬರಿನ ಕರ್ನಲ್‌ಗೆ ತಂದು ಸೇರಿಸುವುದುಂಟು. ಆದ್ದರಿಂದ ವರ್ಷನ್ ನಂಬರ್ ನೋಡಿ ತೀರ್ಮಾನಿಸಬೇಡಿ, ಕರೆದು ನೋಡಿ.

ಡೀಮನ್‌ಗೆ ಕ್ಯಾಪ್_ಸಿಸ್_ರಿಸೋರ್ಸ್ ಎಂಬ ಕೇಪಬಿಲಿಟಿ ಬೇಕು. ಕೇಪಬಿಲಿಟಿ ಎಂದರೆ ರೂಟ್‌ನ ಅಧಿಕಾರವನ್ನು ಚೂರು ಮಾಡಿ ಕೊಡುವ ವ್ಯವಸ್ಥೆ. ಪೂರ್ತಿ ರೂಟ್ ಆಗಿ ಓಡಿಸಲೇಬೇಕೆಂದಿಲ್ಲ.

ಪರೀಕ್ಷೆಗೆ ಒಂದು ವರ್ಚುವಲ್ ಮಷೀನ್ ಇಟ್ಟುಕೊಳ್ಳಿ. 2 ಜಿಬಿ ಮೆಮೊರಿ ಸಾಕು, ಕಮ್ಮಿ ಇದ್ದಷ್ಟೂ ಒಳ್ಳೆಯದು. ಇದನ್ನು ಪ್ರೊಡಕ್ಷನ್ ಯಂತ್ರದಲ್ಲಿ ಪ್ರಯೋಗ ಮಾಡಬೇಡಿ, ದಯವಿಟ್ಟು.

ಹಂತ 1: ನಿಮಗೆ ಇದು ಬೇಕಾ ನೋಡಿಕೊಳ್ಳಿ

ಡೀಮನ್ ಒದಗಿಸುವ ಡಿಸ್ಕನ್ನು ಅದೇ ಯಂತ್ರ ಬಳಸುತ್ತಿದೆಯೇ? ಇಲ್ಲ ಎಂದರೆ ಈ ಸುತ್ತು ನಿಮ್ಮಲ್ಲಿ ಬೀಳುವುದೇ ಇಲ್ಲ. ಬೇರೆ ಯಂತ್ರಗಳಿಗೆ ಮಾತ್ರ ಡಿಸ್ಕ್ ಕೊಡುವ ಎನ್‌ಬಿಡಿ ಸರ್ವರ್‌ಗೆ ಐಒ ಫ್ಲಶರ್ ಹಾಕಿ ಏನೂ ಸಿಗದು.

ಬಳಸುತ್ತಿದ್ದರೆ, ಮುಂದಿನ ಪ್ರಶ್ನೆ ಡರ್ಟಿ ಪೇಜ್ ಎಷ್ಟು ಹುಟ್ಟುತ್ತದೆ ಎನ್ನುವುದು. ಫ್ಯೂಸ್‌ನಲ್ಲಿ ರೈಟ್‌ಬ್ಯಾಕ್ ಕ್ಯಾಶ್ ಆಯ್ಕೆ ಹಾಕದಿದ್ದರೆ ಸಾಮಾನ್ಯ ರೈಟ್‌ಗಳು ಆಗಿಂದಾಗಲೇ ಡೀಮನ್‌ಗೆ ಹೋಗುತ್ತವೆ. ಎಂಮ್ಯಾಪ್ ಮಾಡಿ, ಅಂದರೆ ಫೈಲನ್ನು ಮೆಮೊರಿಗೆ ಜೋಡಿಸಿಕೊಂಡು, ಬರೆದವು ಮಾತ್ರ ಡರ್ಟಿಯಾಗಿ ಉಳಿಯುತ್ತವೆ. ರೈಟ್‌ಬ್ಯಾಕ್ ಕ್ಯಾಶ್ ಹಾಕಿದ ಕ್ಷಣ ಅಪಾಯ ಜಾಸ್ತಿ. ಎನ್‌ಬಿಡಿ, ಟಿಸಿಎಂಯು, ಯೂಬ್ಲಾಕ್ ತರಹದ ಬ್ಲಾಕ್ ಡಿವೈಸ್ (ಕರ್ನಲ್‌ಗೆ ಡಿಸ್ಕ್‌ನಂತೆ ಕಾಣುವ ಸಾಧನ) ಆಗಿದ್ದು ಮೇಲೆ ಮಾಮೂಲಿ ಫೈಲ್‌ಸಿಸ್ಟಂ ಕೂತಿದ್ದರೆ ಅಪಾಯ ಅದಕ್ಕಿಂತ ಜಾಸ್ತಿ.

ಐಒ ಮಾಡದೆ, ಐಒ ದಾರಿಯನ್ನು ರಿಪೇರಿ ಮಾಡುವ ಡೀಮನ್‌ಗಳೂ ಈ ಲೆಕ್ಕಕ್ಕೆ ಬರುತ್ತವೆ. ಮಲ್ಟಿಪಾತ್‌ಡಿ ಒಳ್ಳೆಯ ಉದಾಹರಣೆ. ಡಿಸ್ಕಿಗೆ ಹೋಗುವ ದಾರಿ ಕಡಿದಾಗ ಬೇರೆ ದಾರಿ ಜೋಡಿಸುವುದು ಅದರ ಕೆಲಸ. ಆ ಹೊತ್ತಿಗೆ ಅದೇ ಮೆಮೊರಿಗಾಗಿ ಡಿಸ್ಕನ್ನು ಕಾಯುತ್ತಾ ಕೂತರೆ ಮುಗಿಯಿತು.

ಹಂತ 2: ಐಒ ದಾರಿಯಲ್ಲಿ ಮೆಮೊರಿ ಕೇಳುವುದನ್ನು ಕಮ್ಮಿ ಮಾಡಿ

ಎಲ್ಲರೂ ಹಾರಿಸುವ ಹಂತ ಇದು. ನನ್ನ ಪ್ರಕಾರ ಮುಂದೆ ಹಾಕುವ ಐಒ ಫ್ಲಶರ್ ಫ್ಲ್ಯಾಗ್‌ಗಿಂತ (ಗುರುತಿಗಿಂತ) ಇದೇ ಮುಖ್ಯ. ಐಒ ಫ್ಲಶರ್ ನಿಮಗೆ ಹೊಸ ಮೆಮೊರಿ ತಂದುಕೊಡುವುದಿಲ್ಲ. ಕರ್ನಲ್ ತನ್ನ ತುರ್ತಿಗೆ ಇಟ್ಟುಕೊಂಡ ಮೀಸಲು ಮೆಮೊರಿಗೆ ಕೈ ಹಾಕಲೂ ಬಿಡುವುದಿಲ್ಲ. "ನನಗಾಗಿ ಐಒ ಮಾಡಬೇಡ" ಎಂದಷ್ಟೇ ಹೇಳುತ್ತದೆ. ಹಾಗಾಗಿ ಕೇಳುವುದೇ ಕಮ್ಮಿ ಇರಬೇಕು.

ಬಫರ್‌ಗಳನ್ನು ಶುರುವಿನಲ್ಲೇ ತೆಗೆದಿಟ್ಟುಕೊಳ್ಳಿ. ಏಕಕಾಲಕ್ಕೆ ಎಷ್ಟು ರಿಕ್ವೆಸ್ಟ್ ಬರಬಹುದು, ಒಂದೊಂದು ಎಷ್ಟು ದೊಡ್ಡದು ಎಂಬ ಲೆಕ್ಕ ನಿಮ್ಮ ಕೈಯಲ್ಲಿ ಇರಲೇಬೇಕು. 64 ರಿಕ್ವೆಸ್ಟ್, ತಲಾ 1 ಎಂಬಿ ಎಂದರೆ 64 ಎಂಬಿ. ತೆಗೆದಿಟ್ಟ ಮೇಲೆ ಪ್ರತಿ ಪುಟಕ್ಕೂ ಒಂದು ಬೈಟ್ ಬರೆಯಿರಿ. ಮಾಲಕ್ ಕೊಡುವುದು ವಿಳಾಸ ಮಾತ್ರ. ನಿಜವಾದ ಪುಟ ಸಿಗುವುದು ಮೊದಲ ಸಲ ಮುಟ್ಟಿದಾಗ. ಮುಟ್ಟದೆ ಬಿಟ್ಟರೆ ಆ ಅಲೊಕೇಶನ್ ಅತ್ಯಂತ ಕೆಟ್ಟ ಹೊತ್ತಿಗೆ, ಅಂದರೆ ರೈಟ್‌ಬ್ಯಾಕ್ ನಡುವೆ, ಆಗುತ್ತದೆ.

ಜಿಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ಬಳಸುವವರು ಅದರ ಮಾಲಾಪ್ಟ್ ಮೂಲಕ ಎರಡು ಸೆಟ್ಟಿಂಗ್ ಹಾಕಿ. ಎಂ_ಟ್ರಿಮ್_ಥ್ರೆಶೋಲ್ಡ್‌ಗೆ -1 ಕೊಟ್ಟರೆ ಫ್ರೀ ಮಾಡಿದ ಮೆಮೊರಿಯನ್ನು ಹೀಪ್‌ನ ತುದಿಯಿಂದ ಕರ್ನಲ್‌ಗೆ ವಾಪಸ್ ಕೊಡುವುದು ನಿಲ್ಲುತ್ತದೆ. ಎಂ_ಎಂಮ್ಯಾಪ್_ಮ್ಯಾಕ್ಸ್‌ಗೆ 0 ಕೊಟ್ಟರೆ ದೊಡ್ಡ ಮಾಲಕ್‌ಗಳು ಪ್ರತಿ ಸಲ ಹೊಸ ಎಂಮ್ಯಾಪ್ ಮಾಡುವುದಿಲ್ಲ. ಒಟ್ಟಿನಲ್ಲಿ ಒಮ್ಮೆ ಸಿಕ್ಕಿದ್ದು ನಿಮ್ಮ ಹತ್ತಿರವೇ ಉಳಿಯುತ್ತದೆ. ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಗೆ ಓಡುವ ಎಳೆ) ಜಾಸ್ತಿ ಇದ್ದರೆ ಮಾಲಕ್_ಅರೀನಾ_ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಥವಾ 2 ಕೊಡಿ. 64 ಬಿಟ್ ಯಂತ್ರದಲ್ಲಿ ಡೀಫಾಲ್ಟ್ ಮಿತಿ ಕೋರ್‌ಗಳ ಸಂಖ್ಯೆಯ ಎಂಟು ಪಟ್ಟು, ಮೆಮೊರಿ ಸುಮ್ನೆ ಹರಡಿಕೊಳ್ಳುತ್ತದೆ.

ಲಾಗ್ ಎಲ್ಲಿಗೆ ಹೋಗುತ್ತಿದೆ ಅಂತಲೂ ನೋಡಿ. ಡೀಮನ್‌ನ ಲಾಗ್ ಫೈಲ್ ಅದೇ ಡೀಮನ್ ಒದಗಿಸುವ ಡಿಸ್ಕ್‌ನಲ್ಲಿದ್ದರೆ ಮುಂದಿನ ಹಂತಗಳನ್ನು ಎಷ್ಟು ಚೆನ್ನಾಗಿ ಮಾಡಿದರೂ ಉಪಯೋಗವಿಲ್ಲ. ಸಿಸ್‌ಲಾಗ್‌ಗೆ ಕಳಿಸುತ್ತೇನೆ, ಚಿಂತೆ ಇಲ್ಲ ಎನ್ನಬೇಡಿ. ಅದು ಬರೆಯುವ ಜಾಗ ಸ್ತಬ್ಧವಾದರೆ ಸಾಕೆಟ್ ತುಂಬುತ್ತದೆ, ಆಮೇಲೆ ನೀವೂ ಅಲ್ಲೇ ನಿಲ್ಲುತ್ತೀರಿ.

ಹಂತ 3: ಫ್ಲ್ಯಾಗ್ ಹಾಕಿ

ಪಿಆರ್‌ಸಿಟಿಎಲ್ ಎಂಬ ಸಿಸ್ಟಂ ಕಾಲ್‌ಗೆ ಐದು ಆರ್ಗ್ಯುಮೆಂಟ್ ಕೊಡಬೇಕು. ಮೊದಲನೆಯದು ಪಿಆರ್_ಸೆಟ್_ಐಒ_ಫ್ಲಶರ್. ಎರಡನೆಯದು 1. ಉಳಿದ ಮೂರೂ 0. ನಿಮ್ಮ ಹೆಡರ್ ಫೈಲ್ ಹಳೆಯದಾಗಿ ಆ ಹೆಸರು ಸಿಗದಿದ್ದರೆ ಅದರ ಸಂಖ್ಯೆ 57, ನೀವೇ ಡಿಫೈನ್ ಮಾಡಿಕೊಳ್ಳಿ. ಓದಿ ನೋಡಲು ಪಿಆರ್_ಗೆಟ್_ಐಒ_ಫ್ಲಶರ್ ಇದೆ, ಅದು 58.

ಇದರಿಂದ ಎರಡು ಗುರುತು ಬೀಳುತ್ತವೆ. ಒಂದು, ಈ ಥ್ರೆಡ್ ಮೆಮೊರಿ ಕೇಳಿದಾಗ ಕರ್ನಲ್ ಹೊಸ ಐಒ ಶುರು ಮಾಡುವುದಿಲ್ಲ, ಫೈಲ್‌ಸಿಸ್ಟಂ ಕೋಡ್‌ಗೂ ಹೋಗುವುದಿಲ್ಲ. ಎರಡು, ಈ ಥ್ರೆಡ್ ತಾನೇ ಬರೆಯುವಾಗ ಇಡೀ ಯಂತ್ರದ ಡರ್ಟಿ ಪೇಜ್ ಮಿತಿ ಮೀರಿದೆ ಎಂದು ಇದನ್ನು ತಡೆದು ನಿಲ್ಲಿಸುವುದಿಲ್ಲ. ತಾನು ಬರೆಯುತ್ತಿರುವ ಡಿಸ್ಕಿನ ಸ್ಥಿತಿ ನೋಡಿ ಮಾತ್ರ ನಿಧಾನ ಮಾಡಿಸುತ್ತದೆ. ಈ ಎರಡನೆಯ ನಡವಳಿಕೆ ಇಷ್ಟು ಸ್ಪಷ್ಟವಾದದ್ದು 5.8ರಲ್ಲಿ, ನೀಲ್ ಬ್ರೌನ್ ಅವರ ಬದಲಾವಣೆಯಿಂದ. ನಿಮ್ಮ ಡೀಮನ್ ಬಂದ ಡೇಟಾವನ್ನು ಕೆಳಗಿನ ಇನ್ನೊಂದು ಫೈಲ್‌ಗೆ ಬರೆಯುವ ಜಾತಿಯದಾದರೆ ಇದು ನಿಮಗೆ ಬಹಳ ಮುಖ್ಯ. ಯಾಕೆಂದರೆ ನೀವು ಬರೆದರೇ ಯಂತ್ರದ ಡರ್ಟಿ ಪೇಜ್ ಕಮ್ಮಿಯಾಗುವುದು.

ಈಗ ಎಡವುವ ಜಾಗಗಳು.

ಥ್ರೆಡ್ ಎಂಬ ಪದ ಗಮನಿಸಿದಿರಾ? ಮ್ಯಾನ್ ಪೇಜ್ ಪ್ರೊಸೆಸ್ ಎಂದು ಬರೆದಿದ್ದರೂ ಕರ್ನಲ್ ಕೋಡ್‌ನಲ್ಲಿ ಗುರುತು ಬೀಳುವುದು ಕರೆದ ಥ್ರೆಡ್‌ಗೆ ಮಾತ್ರ. ಆಮೇಲೆ ಅದು ಹುಟ್ಟಿಸುವ ಥ್ರೆಡ್‌ಗಳಿಗೆ ತಾನಾಗಿ ಬರುತ್ತದೆ. ಮೊದಲೇ ಹುಟ್ಟಿದವಕ್ಕೆ ಬರುವುದಿಲ್ಲ. ವರ್ಕರ್ ಥ್ರೆಡ್‌ಗಳನ್ನೆಲ್ಲ ಎಬ್ಬಿಸಿ ಆಮೇಲೆ ಮೇನ್‌ನಲ್ಲಿ ಕರೆದರೆ, ಕೆಲಸ ಮಾಡುವ ಯಾವ ಥ್ರೆಡ್‌ಗೂ ರಕ್ಷಣೆ ಇಲ್ಲ. ಕಾಲ್ ಮಾತ್ರ ಸಲೀಸಾಗಿ 0 ವಾಪಸ್ ಕೊಟ್ಟಿರುತ್ತದೆ, ನೀವು ನೆಮ್ಮದಿಯಾಗಿ ಇರುತ್ತೀರಿ.

ಕೊನೆಯ ಮೂರು ಸೊನ್ನೆ ಬಿಡಬೇಡಿ. ಪಿಆರ್‌ಸಿಟಿಎಲ್ ಎಷ್ಟು ಆರ್ಗ್ಯುಮೆಂಟ್ ಕೊಟ್ಟರೂ ಕಂಪೈಲ್ ಆಗುತ್ತದೆ. ಕೊಡದೆ ಬಿಟ್ಟ ಕಡೆ ರಿಜಿಸ್ಟರ್‌ನಲ್ಲಿ ಬಿದ್ದಿದ್ದ ಕಸ ಹೋಗಿ ಇನ್‌ವಾಲ್ ಎರರ್ (ಆರ್ಗ್ಯುಮೆಂಟ್ ಸರಿಯಿಲ್ಲ ಎಂಬ ಎರರ್) ಬರುತ್ತದೆ. ಕರ್ನಲ್ ಹಳೆಯದಾದರೂ ಅದೇ ಎರರ್. ಹಾಗಾಗಿ ಇನ್‌ವಾಲ್ ಕಂಡ ತಕ್ಷಣ ಕರ್ನಲ್ ಅನ್ನು ಬೈಯುವ ಮುಂಚೆ ಸೊನ್ನೆ ಎಣಿಸಿ. ಇಪರ್ಮ್ ಎರರ್ (ಅನುಮತಿ ಇಲ್ಲ ಎಂಬ ಎರರ್) ಬಂದರೆ ಮಾತ್ರ ಕೇಪಬಿಲಿಟಿ ಇಲ್ಲ ಎಂದರ್ಥ.

ಗುರುತು ಬಿದ್ದ ಮೇಲೆ ಕೇಪಬಿಲಿಟಿ ಬಿಟ್ಟುಕೊಟ್ಟರೂ ಗುರುತು ಉಳಿಯುತ್ತದೆ. ರೂಟ್ ಆಗಿ ಶುರುವಾಗಿ, ಫ್ಲ್ಯಾಗ್ ಹಾಕಿ, ಆಮೇಲೆ ಸಾಮಾನ್ಯ ಬಳಕೆದಾರನಾಗಿ ಇಳಿಯುವುದು ಒಳ್ಳೆಯ ಪದ್ಧತಿ. ಒಂದೇ ತೊಡಕು, ಓದುವುದಕ್ಕೂ ಅದೇ ಕೇಪಬಿಲಿಟಿ ಬೇಕು. ಇಳಿದ ಮೇಲೆ ಪಿಆರ್_ಗೆಟ್ ಕೆಲಸ ಮಾಡದು. ಬೇರೆ ದಾರಿ ಹಂತ 7ರಲ್ಲಿದೆ.

ಕೊನೆಯದು: ಡೀಮನ್ ಫೋರ್ಕ್ ಮಾಡಿ (ತನ್ನ ನಕಲಾಗಿ ಮಗು ಪ್ರೊಸೆಸ್ ಹುಟ್ಟಿಸಿ) ಓಡಿಸುವ ಸ್ಕ್ರಿಪ್ಟ್‌ಗಳಿಗೂ ಈ ಗುರುತು ಹೋಗುತ್ತದೆ. ಇದು ಒಳ್ಳೆಯದಲ್ಲ. ಈ ಗುರುತು ಇರುವ ಪ್ರೊಸೆಸ್ ತನಗೆ ಬೇಕಾದ ಮೆಮೊರಿಯನ್ನು ಐಒ ಮಾಡಿ ಬಿಡಿಸಿಕೊಳ್ಳಲಾರದು. ಬೇರೆಯವರು ಬಿಡಿಸುವುದನ್ನು ಕಾಯಬೇಕು. ಇಂಥ ಅಲೊಕೇಶನ್ ಸೋತಾಗ ಇಡೀ ಯಂತ್ರದ ಓಓಎಂ ಕಿಲ್ಲರ್ ಕೂಡ ಏಳುವುದಿಲ್ಲ. ಓಓಎಂ ಕಿಲ್ಲರ್ ಎಂದರೆ ಮೆಮೊರಿ ತೀರಿದಾಗ ಯಾವುದಾದರೂ ಪ್ರೊಸೆಸ್ ಕೊಂದು ಜಾಗ ಮಾಡುವ ಕರ್ನಲ್ ವ್ಯವಸ್ಥೆ. ಆದ್ದರಿಂದ ಮೆಮೊರಿ ಜಾಸ್ತಿ ತಿನ್ನುವ ಬ್ಯಾಕಪ್ ಸ್ಕ್ರಿಪ್ಟ್ ಒಂದು ಈ ಗುರುತು ಹೊತ್ತು ಓಡಿದರೆ ಎಲ್ಲರಿಗೂ ಕಷ್ಟ. ಮಗು ಪ್ರೊಸೆಸ್‌ನಲ್ಲಿ ಎಕ್ಸೆಕ್ ಮಾಡುವ, ಅಂದರೆ ಅದು ಬೇರೆ ಪ್ರೋಗ್ರಾಂ ಆಗಿ ಬದಲಾಗುವ, ಮೊದಲು ಎರಡನೇ ಆರ್ಗ್ಯುಮೆಂಟ್ 0 ಕೊಟ್ಟು ಗುರುತು ತೆಗೆಯಿರಿ. ಇದಕ್ಕೂ ಕೇಪಬಿಲಿಟಿ ಬೇಕು, ಹಾಗಾಗಿ ಸಹಾಯಕ ಸ್ಕ್ರಿಪ್ಟ್‌ಗಳಿರುವ ಡೀಮನ್ ಅದನ್ನು ಪೂರ್ತಿ ಬಿಟ್ಟುಕೊಡುವಂತಿಲ್ಲ.

"ಎಲ್ಲ ಸರ್ವಿಸ್‌ಗೂ ಹಾಕಿಬಿಡೋಣ, ಸೇಫ್ ಅಲ್ವಾ?" ಎಂದು ಕೇಳುವವರಿಗೂ ಇದೇ ಉತ್ತರ. ಅಲ್ಲ.

ಹಂತ 4: ಸೋರ್ಸ್ ನಿಮ್ಮದಲ್ಲದಿದ್ದರೆ, ಅಥವಾ ಗೋ ಭಾಷೆಯಲ್ಲಿದ್ದರೆ

ಗೋ ಭಾಷೆಯ ಪ್ರೋಗ್ರಾಂನಲ್ಲಿ ಮೇನ್ ಶುರುವಾಗುವ ಮೊದಲೇ ರನ್‌ಟೈಮ್ ತನ್ನ ಥ್ರೆಡ್ ಎಬ್ಬಿಸಿರುತ್ತದೆ. ಮೇಲಾಗಿ ಗೋರೂಟೀನ್‌ಗಳು ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಹಾರುತ್ತಿರುತ್ತವೆ. ಮೇನ್ ಒಳಗೆ ಪಿಆರ್‌ಸಿಟಿಎಲ್ ಕರೆದರೆ ಯಾವ ಥ್ರೆಡ್‌ಗೆ ತಗುಲಿತು, ಯಾವುದಕ್ಕಿಲ್ಲ ಎಂದು ಹೇಳಲಾಗದು. ಜಾವಾಕ್ಕೂ ಹೀಗೇ. ಫ್ಯೂಸ್ ಡೀಮನ್‌ಗಳಲ್ಲಿ ಗೋದಲ್ಲಿ ಬರೆದವು ಬಹಳ ಇವೆ, ಅದಕ್ಕೇ ಇದನ್ನು ಪ್ರತ್ಯೇಕ ಹಂತ ಮಾಡಿದೆ.

ದಾರಿ ಸುಲಭ. ಈ ಗುರುತು ಎಕ್ಸೆಕ್ ದಾಟಿ ಉಳಿಯುತ್ತದೆ. ಹಾಗಾಗಿ ಸಿ ಭಾಷೆಯಲ್ಲಿ ಪುಟ್ಟದೊಂದು ಹೊದಿಕೆ ಪ್ರೋಗ್ರಾಂ ಬರೆಯಿರಿ. ಅದು ಫ್ಲ್ಯಾಗ್ ಹಾಕಬೇಕು, ತಪ್ಪಿದರೆ ಎರರ್ ಬರೆಯಬೇಕು, ಆಮೇಲೆ ಉಳಿದ ಆರ್ಗ್ಯುಮೆಂಟ್‌ಗಳಲ್ಲಿರುವ ನಿಜವಾದ ಡೀಮನ್ ಅನ್ನು ಎಕ್ಸೆಕ್ ಮಾಡಬೇಕು. ಹತ್ತಿಪ್ಪತ್ತು ಸಾಲಿನ ಕೆಲಸ. ಹೊಸ ಪ್ರೋಗ್ರಾಂ ಹುಟ್ಟಿದ್ದೇ ಗುರುತಿನೊಂದಿಗೆ, ಹಾಗಾಗಿ ಅದರ ಎಲ್ಲ ಥ್ರೆಡ್‌ಗಳಿಗೂ ಸಿಗುತ್ತದೆ.

ಎರರ್ ಬಂದಾಗ ನಿಲ್ಲಿಸಬೇಕೇ, ಮುಂದುವರಿಯಬೇಕೇ? ಸ್ವಾಪ್ ಅಥವಾ ರೂಟ್ ಫೈಲ್‌ಸಿಸ್ಟಂ ಈ ಡೀಮನ್ ಮೇಲೆ ನಿಂತಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ ಲಾಗ್‌ನಲ್ಲಿ ಎದ್ದು ಕಾಣುವಂತೆ ಬರೆದು ಮುಂದುವರಿಯಬಹುದು.

ಕಂಟೇನರ್ ಒಳಗೆ ಓಡಿಸುವವರೇ, ಡಾಕರ್ ಡೀಫಾಲ್ಟಾಗಿ ಕೊಡುವ ಕೇಪಬಿಲಿಟಿಗಳಲ್ಲಿ ಸಿಸ್_ರಿಸೋರ್ಸ್ ಇಲ್ಲ. ಕ್ಯಾಪ್-ಆ್ಯಡ್ ಮೂಲಕ ಕೊಡಬೇಕು. ರೂಟ್‌ಲೆಸ್ ಕಂಟೇನರ್‌ನಲ್ಲಿ ಅದೂ ನಡೆಯದು. ಕರ್ನಲ್ ಇಲ್ಲಿ ಕೇಳುವುದು ಹೋಸ್ಟ್‌ನ ನಿಜವಾದ ಅಧಿಕಾರ, ಯೂಸರ್ ನೇಮ್‌ಸ್ಪೇಸ್ ಒಳಗಿನ ರೂಟ್ ಅಲ್ಲ.

ಹಂತ 5: ಪುಟಗಳಿಗೆ ಬೀಗ ಹಾಕಿ

ಹೊಸ ಮೆಮೊರಿ ಕೇಳುವ ದಾರಿ ಸರಿಹೋಯಿತು. ಇರುವ ಮೆಮೊರಿ? ಡೀಮನ್‌ನ ಡೇಟಾ ಪುಟ ಸ್ವಾಪ್‌ಗೆ ಹೋಗಿದ್ದರೆ ಅದನ್ನು ಮುಟ್ಟಿದಾಗ ಡಿಸ್ಕ್‌ನಿಂದ ಓದಬೇಕು. ಕೋಡ್ ಪುಟಗಳನ್ನೂ ಕರ್ನಲ್ ಎಸೆಯಬಹುದು, ಬೇಕಾದಾಗ ಬೈನರಿ ಫೈಲ್‌ನಿಂದ ಓದಿಕೊಂಡರಾಯಿತು ಎಂಬ ಲೆಕ್ಕ. ಆ ಸ್ವಾಪ್ ಅಥವಾ ಆ ಬೈನರಿ ನೀವೇ ಒದಗಿಸುವ ಡಿಸ್ಕ್‌ನಲ್ಲಿದ್ದರೆ ಮತ್ತೆ ಅದೇ ಸುತ್ತು. ಐಒ ಫ್ಲಶರ್ ಇದನ್ನು ತಡೆಯುವುದಿಲ್ಲ.

ಎಂಲಾಕ್‌ಆಲ್ ಕರೆದು, ಎಂಸಿಎಲ್_ಕರೆಂಟ್ ಮತ್ತು ಎಂಸಿಎಲ್_ಫ್ಯೂಚರ್ ಎರಡನ್ನೂ ಕೊಡಿ. ಈಗಿರುವ ಮತ್ತು ಮುಂದೆ ಬರುವ ಎಲ್ಲ ಪುಟಗಳೂ ಮೆಮೊರಿಯಲ್ಲೇ ಉಳಿಯುತ್ತವೆ. ಐಸ್ಕಸಿಡಿ, ಮಲ್ಟಿಪಾತ್‌ಡಿ ಎರಡೂ ಮಾಡುವುದು ಇದನ್ನೇ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ, ಜನ ಗಲಿಬಿಲಿಯಾಗುವುದು ಇದರಲ್ಲೇ. ಐಒ ಫ್ಲಶರ್ ಗುರುತು ಫೋರ್ಕ್ ಮತ್ತು ಎಕ್ಸೆಕ್ ಎರಡನ್ನೂ ದಾಟುತ್ತದೆ. ಎಂಲಾಕ್‌ಆಲ್ ಎರಡನ್ನೂ ದಾಟುವುದಿಲ್ಲ. ಹಾಗಾಗಿ ಹಂತ 4ರ ಹೊದಿಕೆ ಪ್ರೋಗ್ರಾಂನಲ್ಲಿ ಎಂಲಾಕ್‌ಆಲ್ ಕರೆದರೆ ವ್ಯರ್ಥ. ಅದೇ ರೀತಿ ಮೊದಲು ಬೀಗ ಹಾಕಿ ಆಮೇಲೆ ಫೋರ್ಕ್ ಮಾಡಿ ಹಿನ್ನೆಲೆಗೆ ಹೋಗುವ ಡೀಮನ್‌ನಲ್ಲೂ ವ್ಯರ್ಥ, ಬೀಗ ತಂದೆ ಪ್ರೊಸೆಸ್ ಜೊತೆ ಹೋಗಿಬಿಡುತ್ತದೆ. ಸರಿಯಾದ ಕ್ರಮ ಹೀಗೆ: ಹಿನ್ನೆಲೆಗೆ ಹೋಗುವುದು, ಫ್ಲ್ಯಾಗ್, ಎಂಲಾಕ್‌ಆಲ್, ಬಫರ್‌ಗಳು, ಕಡೆಯಲ್ಲಿ ವರ್ಕರ್ ಥ್ರೆಡ್‌ಗಳು.

ಥ್ರೆಡ್ ಸ್ಟ್ಯಾಕ್ ಬಗ್ಗೆಯೂ ಎಚ್ಚರ. ಸಾಮಾನ್ಯ ಡೀಫಾಲ್ಟ್ 8 ಎಂಬಿ. ಎಂಸಿಎಲ್_ಫ್ಯೂಚರ್ ಇದ್ದರೆ ಅಷ್ಟೂ ತಕ್ಷಣ ನಿಜವಾದ ಮೆಮೊರಿ ಹಿಡಿಯುತ್ತದೆ. 32 ಥ್ರೆಡ್‌ಗೆ 256 ಎಂಬಿ, ಸುಮ್ನೆ ಹೋಯಿತು. ಥ್ರೆಡ್ ಮಾಡುವಾಗ ಸ್ಟ್ಯಾಕ್ ಗಾತ್ರ 256 ಕೆಬಿ ತರಹ ಚಿಕ್ಕದಾಗಿ ಕೊಡಿ. ಲಿನಕ್ಸ್ 4.4ರಿಂದ ಎಂಸಿಎಲ್_ಆನ್‌ಫಾಲ್ಟ್ ಎಂಬ ಆಯ್ಕೆಯೂ ಇದೆ, ಮುಟ್ಟಿದ ಪುಟಕ್ಕೆ ಮಾತ್ರ ಬೀಗ. ಮೆಮೊರಿ ಉಳಿಯುತ್ತದೆ ನಿಜ, ಆದರೆ ಮೊದಲ ಸಲ ಮುಟ್ಟುವ ತೊಂದರೆ ಹಾಗೇ ಇರುತ್ತದೆ. ಸ್ಟೋರೇಜ್ ಡೀಮನ್‌ಗೆ ನಾನು ಅದನ್ನು ಹೇಳುವುದಿಲ್ಲ.

ಬೀಗ ಹಾಕುವ ಮಿತಿ ಮೊದಲು 64 ಕೆಬಿ ಇತ್ತು, 5.16ರಿಂದ ಕರ್ನಲ್‌ನ ಡೀಫಾಲ್ಟ್ 8 ಎಂಬಿ. ಎರಡೂ ಸಾಲದು. ಏರಿಸುವುದು ಮುಂದಿನ ಹಂತದಲ್ಲಿ.

ಹಂತ 6: ಸಿಸ್ಟಂಡಿ ಯೂನಿಟ್ ಸರಿ ಮಾಡಿ

ಡೀಮನ್ ಅನ್ನು ಹೇಗೆ ಓಡಿಸಬೇಕು ಎಂದು ಸಿಸ್ಟಂಡಿಗೆ ಹೇಳುವ ಫೈಲೇ ಯೂನಿಟ್. ಅದರ ಸರ್ವಿಸ್ ಭಾಗದಲ್ಲಿ ಲಿಮಿಟ್‌ಮೆಮ್‌ಲಾಕ್‌ಗೆ ಇನ್ಫಿನಿಟಿ ಕೊಡಿ. ಬೇರೆ ಬಳಕೆದಾರನಾಗಿ ಓಡಿಸುತ್ತಿದ್ದರೆ ಆ್ಯಂಬಿಯೆಂಟ್‌ಕೇಪಬಿಲಿಟೀಸ್‌ನಲ್ಲಿ ಕ್ಯಾಪ್_ಸಿಸ್_ರಿಸೋರ್ಸ್ ಸೇರಿಸಿ. ಕೇಪಬಿಲಿಟಿ‌ಬೌಂಡಿಂಗ್‌ಸೆಟ್ ಎಂಬ ಸಾಲು ಮೊದಲೇ ಇದ್ದರೆ ಅಲ್ಲೂ ಸೇರಿಸಬೇಕು, ಇಲ್ಲದಿದ್ದರೆ ಮೇಲಿನದು ನಡೆಯದು.

ಸೋರ್ಸ್ ನಿಮ್ಮ ಕೈಯಲ್ಲಿಲ್ಲದೆ ಎಂಲಾಕ್‌ಆಲ್ ಹಾಕಲಾಗದಿದ್ದರೆ ಮೆಮೊರಿಸ್ವಾಪ್‌ಮ್ಯಾಕ್ಸ್‌ಗೆ 0 ಕೊಡಿ. ಆ ಡೀಮನ್‌ನ ಪುಟ ಸ್ವಾಪ್‌ಗೆ ಹೋಗದು. ಜೊತೆಗೆ ಮೆಮೊರಿಮಿನ್‌ಗೆ ಡೀಮನ್ ಸಾಮಾನ್ಯವಾಗಿ ಬಳಸುವಷ್ಟು ಮೆಮೊರಿ ಕೊಡಿ. ಅಷ್ಟರವರೆಗೆ ಕರ್ನಲ್ ಅದರಿಂದ ಪುಟ ಕಿತ್ತುಕೊಳ್ಳುವುದಿಲ್ಲ. ಇದು ಸಿಗ್ರೂಪ್ (ಪ್ರೊಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ವ್ಯವಸ್ಥೆ) ಎರಡನೇ ಆವೃತ್ತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮತ್ತೆ, ಈ ಸರ್ವಿಸ್ ಸೇರಿರುವ ಮೇಲಿನ ಗುಂಪಾದ ಸಿಸ್ಟಂ ಸ್ಲೈಸ್‌ಗೂ ಅಷ್ಟು ಅಥವಾ ಹೆಚ್ಚು ಕೊಟ್ಟಿರಬೇಕು. ಮಗುವಿಗೆ ಮಾತ್ರ ಕೊಟ್ಟು ಮೇಲಿನವರಿಗೆ ಕೊಡದಿದ್ದರೆ ರಕ್ಷಣೆ ಕಾಗದದ ಮೇಲೆ ಉಳಿಯುತ್ತದೆ.

ಮೆಮೊರಿಹೈ ಹಾಕಬೇಡಿ. ಅದು ಮಿತಿ ದಾಟಿದ ಪ್ರೊಸೆಸ್ ಅನ್ನು ಬೇಕೆಂದೇ ನಿಧಾನ ಮಾಡುತ್ತದೆ. ಇಡೀ ಯಂತ್ರದ ರೈಟ್‌ಬ್ಯಾಕ್ ನಿಂತಿರುವ ಪ್ರೊಸೆಸ್ ಅನ್ನು ನಿಧಾನ ಮಾಡಿ ಯಾರಿಗೆ ಲಾಭ?

ಓಓಎಂಸ್ಕೋರ್‌ಅಡ್ಜಸ್ಟ್‌ಗೆ -1000 ಕೊಟ್ಟರೆ ಓಓಎಂ ಕಿಲ್ಲರ್ ಇದನ್ನು ಮುಟ್ಟುವುದೇ ಇಲ್ಲ. ಮೆಮೊರಿ ಬಳಕೆಗೆ ಖಚಿತ ಮಿತಿ ಇರುವ ಡೀಮನ್‌ಗೆ ಮಾತ್ರ ಹೀಗೆ ಮಾಡಿ. ಸೋರಿಕೆ ಇರುವ ಡೀಮನ್‌ಗೆ -1000 ಕೊಟ್ಟರೆ ಅದು ಊದುತ್ತಲೇ ಹೋಗುತ್ತದೆ, ಕರ್ನಲ್ ಅಕ್ಕಪಕ್ಕದವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತದೆ. -1000 ಮತ್ತು ಮೆಮೊರಿಮ್ಯಾಕ್ಸ್ ಎರಡನ್ನೂ ಒಟ್ಟಿಗೆ ಹಾಕುವುದು ಇನ್ನೂ ಕೆಟ್ಟದು, ಮಿತಿ ಮುಟ್ಟಿದಾಗ ಆ ಗುಂಪಿನಲ್ಲಿ ಕೊಲ್ಲಲು ಯಾರೂ ಸಿಗುವುದಿಲ್ಲ.

ಡರ್ಟಿ ಪೇಜ್ ಮಿತಿಯನ್ನೂ ಇಲ್ಲೇ ಮುಗಿಸಿಬಿಡೋಣ. ವಿಎಂ.ಡರ್ಟಿ_ರೇಶಿಯೋದ ಡೀಫಾಲ್ಟ್ 20, ಅಂದರೆ ಲಭ್ಯ ಮೆಮೊರಿಯ ಶೇಕಡಾ 20. ಲಭ್ಯ ಮೆಮೊರಿ 60 ಜಿಬಿ ಇದ್ದರೆ 12 ಜಿಬಿ ಬಾಕಿ ರೈಟ್. ನಿಧಾನದ ಡೀಮನ್‌ಗೆ ಇದು ತೀರಾ ಜಾಸ್ತಿ. ವಿಎಂ.ಡರ್ಟಿ_ಬೈಟ್ಸ್‌ನಲ್ಲಿ ನೇರ ಬೈಟ್ ಲೆಕ್ಕ ಕೊಡಿ. ಅದನ್ನು ಕೊಟ್ಟ ತಕ್ಷಣ ರೇಶಿಯೋ 0 ಎಂದು ತೋರಿಸುತ್ತದೆ, ಗಾಬರಿ ಬೇಡ. ಫ್ಯೂಸ್‌ಗೆ ಕರ್ನಲ್ ತಾನೇ ಮ್ಯಾಕ್ಸ್_ರೇಶಿಯೋ 1 ಎಂದು ಹಾಕಿರುತ್ತದೆ. ವೇಗಕ್ಕಾಗಿ ಅದನ್ನು ಏರಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ಒಂದು ಶೇಕಡಾ ಇರುವುದು ಒಂದು ಫ್ಯೂಸ್ ಮೌಂಟ್ ಇಡೀ ಯಂತ್ರದ ಡರ್ಟಿ ಪೇಜ್ ಪಾಲನ್ನು ನುಂಗದಿರಲಿ ಎಂದೇ.

ಹಂತ 7: ನಿಜವಾಗಿ ಬಿದ್ದಿದೆಯಾ ನೋಡಿ

/ಪ್ರಾಕ್ ಒಳಗೆ ಡೀಮನ್‌ನ ಪಿಐಡಿ ಡೈರೆಕ್ಟರಿ, ಅದರೊಳಗೆ ಟಾಸ್ಕ್, ಅದರೊಳಗೆ ಪ್ರತಿ ಥ್ರೆಡ್‌ಗೂ ಒಂದು ಡೈರೆಕ್ಟರಿ. ಅಲ್ಲಿನ ಸ್ಟ್ಯಾಟ್ ಫೈಲ್‌ನ 9ನೇ ಅಂಕಣವೇ ಫ್ಲ್ಯಾಗ್‌ಗಳು. ಈಗಿನ ಕರ್ನಲ್‌ಗಳಲ್ಲಿ ನಮಗೆ ಬೇಕಾದ ಎರಡು ಬಿಟ್ 524288 ಮತ್ತು 1048576. ಒಟ್ಟು 1572864. ಅಂಕಣದ ಸಂಖ್ಯೆಯನ್ನು ಇದರ ಜೊತೆ ಬಿಟ್‌ವೈಸ್ ಆ್ಯಂಡ್ ಮಾಡಿದಾಗ 1572864 ಬಂದರೆ ಎರಡೂ ಇವೆ.

ಮೇನ್ ಥ್ರೆಡ್ ಒಂದನ್ನೇ ನೋಡಿ ಬಿಡಬೇಡಿ, ಎಲ್ಲ ಥ್ರೆಡ್ ನೋಡಿ. ಇನ್ನೊಂದು ಸಣ್ಣ ಕಿರಿಕಿರಿ: 2ನೇ ಅಂಕಣದಲ್ಲಿ ಪ್ರೋಗ್ರಾಂ ಹೆಸರು ಆವರಣದೊಳಗೆ ಇರುತ್ತದೆ, ಹೆಸರಿನಲ್ಲಿ ಸ್ಪೇಸ್ ಇದ್ದರೆ ಆಕ್‌ನಂಥ ಅಂಕಣ ಎಣಿಸುವ ಉಪಕರಣದ ಎಣಿಕೆ ತಪ್ಪುತ್ತದೆ. ಕೊನೆಯ ಆವರಣ ಮುಚ್ಚಿದ ಮೇಲಿಂದ ಎಣಿಸಿದರೆ ಫ್ಲ್ಯಾಗ್ 7ನೆಯದು.

ಬೀಗ ನೋಡಲು ಸ್ಟೇಟಸ್ ಫೈಲ್‌ನಲ್ಲಿ ವಿಎಂಲಾಕ್ ಸಾಲು. ಸೊನ್ನೆ ಇದ್ದರೆ ಎಂಲಾಕ್‌ಆಲ್ ನಡೆದಿಲ್ಲ, ಅಥವಾ ನಡೆದ ಮೇಲೆ ಫೋರ್ಕ್ ಆಗಿದೆ. ವಿಎಂಸ್ವಾಪ್ ಸಾಲು ಸೊನ್ನೆ ಇರಬೇಕು.

ಈಗ ಹಿಂಡಿ ನೋಡಿ. ವರ್ಚುವಲ್ ಮಷೀನ್‌ನಲ್ಲಿ ಒಂದು ಕಡೆ ಎಫ್‌ಐಒ ಅಥವಾ ಡಿಡಿ ಮೂಲಕ ನಿಮ್ಮ ಮೌಂಟ್‌ಗೆ ಎಡಬಿಡದೆ ಬರೆಯಿರಿ. ಇನ್ನೊಂದು ಕಡೆ ಸ್ಟ್ರೆಸ್-ಎನ್‌ಜಿ ಮೂಲಕ ಮೆಮೊರಿ ತುಂಬಿಸಿ. ಡೀಮನ್‌ನ ಲಾಗ್ ಮತ್ತು ನಿಮ್ಮ ಶೆಲ್ ಬೇರೆ ಡಿಸ್ಕ್‌ನಲ್ಲಿರಲಿ. /ಪ್ರಾಕ್/ಪ್ರೆಶರ್/ಮೆಮೊರಿ ಫೈಲ್‌ನ ಫುಲ್ ಸಾಲು ಏರುವುದು ಸಹಜ. ಏರಿದ್ದು ಇಳಿಯದೆ, ಬರೆಯುವ ವೇಗ ಪೂರ್ತಿ ಸೊನ್ನೆಯಾಗಿ ಹಾಗೇ ಉಳಿದರೆ ಗಂಟು ಬಿದ್ದಿದೆ. 120 ಸೆಕೆಂಡ್ ದಾಟಿದ ಮೇಲೆ ಡಿಮೆಸೆಜ್‌ನಲ್ಲಿ, ಅಂದರೆ ಕರ್ನಲ್‌ನ ಲಾಗ್‌ನಲ್ಲಿ, ಹಂಗ್ ಟಾಸ್ಕ್ ಸಂದೇಶಗಳೂ ಬರುತ್ತವೆ. /ಪ್ರಾಕ್/ಸಿಸ್‌ರಿಕ್ಯೂ-ಟ್ರಿಗರ್ ಫೈಲ್‌ಗೆ ಇಂಗ್ಲಿಷ್‌ನ ಚಿಕ್ಕ ಡಬ್ಲ್ಯೂ ಅಕ್ಷರ ಬರೆದರೆ ಕಾಯುತ್ತಾ ನಿಂತ ಎಲ್ಲ ಪ್ರೊಸೆಸ್‌ಗಳ ಸ್ಟ್ಯಾಕ್ ಸಿಗುತ್ತದೆ. ಅದರಲ್ಲಿ ನಿಮ್ಮ ಡೀಮನ್ ಹೆಸರಿದ್ದು, ಸ್ಟ್ಯಾಕ್‌ನಲ್ಲಿ ರೀಕ್ಲೇಮ್ ಅಥವಾ ಬ್ಯಾಲೆನ್ಸ್_ಡರ್ಟಿ_ಪೇಜಸ್ ಕಂಡರೆ ಫ್ಲ್ಯಾಗ್ ಆ ಥ್ರೆಡ್‌ಗೆ ತಲುಪಿದೆಯಾ ಎಂದು ಮೊದಲು ನೋಡಿ. ಪೇಜ್ ಫಾಲ್ಟ್‌ನಲ್ಲಿ ಫೈಲ್ ಓದುತ್ತಾ ನಿಂತಿದ್ದರೆ ಹಂತ 5 ಬಿಟ್ಟುಹೋಗಿದೆ.

ಹಂತ 8: ಸಿಕ್ಕಿಹಾಕಿಕೊಂಡ ಯಂತ್ರ ಬಿಡಿಸುವುದು

ರೀಬೂಟ್ ಬಟನ್‌ಗೆ ಕೈ ಹಾಕುವ ಮೊದಲು ಇದನ್ನು ಮಾಡಿ.

ಫ್ಯೂಸ್ ಆದರೆ /ಸಿಸ್/ಎಫ್‌ಎಸ್/ಫ್ಯೂಸ್/ಕನೆಕ್ಷನ್ಸ್ ಒಳಗೆ ಪ್ರತಿ ಮೌಂಟ್‌ಗೆ ಒಂದು ಸಂಖ್ಯೆಯ ಡೈರೆಕ್ಟರಿ ಇರುತ್ತದೆ. ಯಾವುದು ನಿಮ್ಮದು ಎಂದು ತಿಳಿಯಲು /ಪ್ರಾಕ್/ಸೆಲ್ಫ್/ಮೌಂಟ್‌ಇನ್ಫೋ ನೋಡಿ. ನಿಮ್ಮ ಮೌಂಟ್‌ನ 3ನೇ ಅಂಕಣದಲ್ಲಿ 0:52 ಎಂದಿದ್ದರೆ ಡೈರೆಕ್ಟರಿ 52. ಒಳಗಿನ ವೇಟಿಂಗ್ ಫೈಲ್ ಬಾಕಿ ರಿಕ್ವೆಸ್ಟ್ ಎಷ್ಟು ಎಂದು ತೋರಿಸುತ್ತದೆ. ಅಬಾರ್ಟ್ ಫೈಲ್‌ಗೆ 1 ಬರೆದರೆ ಬಾಕಿ ರಿಕ್ವೆಸ್ಟ್‌ಗಳೆಲ್ಲ ಎರರ್ ಆಗಿ ಮುಗಿಯುತ್ತವೆ, ಕಾಯುತ್ತಿದ್ದವರು ಏಳುತ್ತಾರೆ. ಕರ್ನಲ್ ದಾಖಲೆಯೇ ಇದನ್ನು ಯಾವಾಗಲೂ ಕೆಲಸ ಮಾಡುವ ದಾರಿ ಎನ್ನುತ್ತದೆ. ಡಿಸ್ಕ್‌ಗೆ ಇಳಿಯದ ಡೇಟಾ ಮಾತ್ರ ಹೋದಂತೆಯೇ.

ಮಲ್ಟಿಪಾತ್‌ನಲ್ಲಿ ದಾರಿಯೆಲ್ಲ ಕಡಿದು ಐಒ ಸಾಲುಗಟ್ಟಿ ನಿಂತಿದ್ದರೆ ಡಿಎಂಸೆಟಪ್ ಮೆಸೇಜ್ ಮೂಲಕ ಆ ಮ್ಯಾಪ್‌ನ ಸೆಕ್ಟರ್ 0ಗೆ ಫೇಲ್_ಇಫ್_ನೋ_ಪಾತ್ ಕಳಿಸಿ. ಸಾಲಿನಲ್ಲಿದ್ದವು ಎರರ್ ಆಗಿ ಬಿಡುಗಡೆಯಾಗುತ್ತವೆ.

ಎನ್‌ಬಿಡಿ ಮೇಲೆ ಸ್ವಾಪ್ ಇಡುವ ಯೋಚನೆ ಇದ್ದರೆ ಎನ್‌ಬಿಡಿ-ಕ್ಲೈಂಟ್‌ನ ಸ್ವಾಪ್ ಆಯ್ಕೆ ನೋಡಿ. ಅದು ಎಂಲಾಕ್‌ಆಲ್ ಮಾಡಿ ಓಓಎಂ ಸ್ಕೋರ್ ಸರಿಪಡಿಸುತ್ತದೆ. ಆದರೂ ಡೆಡ್‌ಲಾಕ್ ಆಗುವುದೇ ಇಲ್ಲ ಎಂಬ ಗ್ಯಾರಂಟಿ ಕೊಡುವುದಿಲ್ಲ ಎಂದು ಅದರ ಮ್ಯಾನ್ ಪೇಜ್ ತಾನೇ ಹೇಳುತ್ತದೆ. ಸರ್ವರ್ ಕೂಡ ಅದೇ ಯಂತ್ರದಲ್ಲಿದ್ದರೆ ಆ ಯೋಚನೆ ಬಿಟ್ಟುಬಿಡಿ.